ಸರ್ವರ್ ರೂಮಿನ ಅಲಾರ್ಮ್ ಪೆಟ್ಟಿಗೆ: ಎರಡನೇ ಬೇಸಿಗೆ ದಾಟಿದ ಮೇಲೆ

ಹುಬ್ಬಳ್ಳಿಯಲ್ಲಿ ನಮ್ಮದು ಸಣ್ಣ ಇಂಟರ್ನೆಟ್ ವ್ಯವಹಾರ. ಮೊದಲ ಮಹಡಿಯ ರೂಮಿನಲ್ಲಿ ಒಂದು ರ‍್ಯಾಕ್, ಯುಪಿಎಸ್, ಬ್ಯಾಟರಿ, ಹಳೆಯ ಸ್ಪ್ಲಿಟ್ ಎಸಿ. ಅಲ್ಲಿಗೆ ಸಿಮ್ ಹಾಕುವ, ಏನಾದರೂ ಹೆಚ್ಚುಕಡಿಮೆಯಾದರೆ ಫೋನಿಗೆ ಎಸ್‌ಎಂಎಸ್ ಕಳಿಸುವ ಅಲಾರ್ಮ್ ಪೆಟ್ಟಿಗೆ ಕೂಡಿಸಿದ್ದೇವೆ. ಉಷ್ಣತೆ, ತೇವಾಂಶ, ನೀರು, ಬಾಗಿಲು ಎಲ್ಲಕ್ಕೂ ಸೆನ್ಸರ್ ಇದೆ.

ಇದರ ನಿಜವಾದ ಉಪಯೋಗ ಕರೆಂಟ್ ಹೋದಾಗಲ್ಲ, ವಾಪಸ್ ಬಂದಾಗ. ಕರೆಂಟ್ ಹೋದರೆ ಯುಪಿಎಸ್ ನೋಡಿಕೊಳ್ಳುತ್ತದೆ. ಎಸಿ ಮಾತ್ರ ಯುಪಿಎಸ್ ಮೇಲಿಲ್ಲ. ಕರೆಂಟ್ ಬಂದ ಮೇಲೂ ತಾನಾಗಿ ಶುರುವಾಗುವುದಿಲ್ಲ, ಯಾರಾದರೂ ರಿಮೋಟ್ ಒತ್ತಬೇಕು. ಗಿರಾಕಿಗಳಿಗೆ ನೆಟ್ ಬರುತ್ತಿರುತ್ತದೆ, ಹಾಗಾಗಿ ಯಾರೂ ಫೋನ್ ಮಾಡಲ್ಲ. ರೂಮು ಮಾತ್ರ ಸುಮ್ನೆ ಬಿಸಿಯಾಗುತ್ತಿರುತ್ತದೆ. ಈಗ ಮೆಸೇಜ್ ಬಂದ ಕೂಡಲೇ ವಾಚ್‌ಮನ್‌ಗೆ ಫೋನ್ ಮಾಡುತ್ತೇನೆ. "ಹೌದ್ರಿ ಸರ, ಎಸಿ ಮತ್ತ ಬಂದ್ ಬಿದ್ದೈತ್ರಿ" ಅನ್ನುತ್ತಾರೆ.

ಪೆಟ್ಟಿಗೆ ಬಂದಾಗ ಅಲಾರ್ಮ್ ಮಿತಿ 40 ಡಿಗ್ರಿಗೆ ಇಟ್ಟಿತ್ತು. ಅಷ್ಟೊತ್ತಿಗೆ ಕೂಗಿ ಏನು ಬಂತು? ಉಪಕರಣ ಒಳಗೆ ಎಳೆದುಕೊಳ್ಳುವ ಗಾಳಿ 18ರಿಂದ 27 ಡಿಗ್ರಿ ಇರಲಿ ಅಂತ ಆಶ್ರೇ (ಎಸಿ, ತಂಪು ವ್ಯವಸ್ಥೆಯ ಎಂಜಿನಿಯರ್‌ಗಳ ಅಮೆರಿಕದ ಸಂಘ) ಶಿಫಾರಸು ಇದೆ. ನಾವು 30ಕ್ಕೆ ಅಲಾರ್ಮ್ ಇಟ್ಟಿದ್ದೇವೆ, 27ಕ್ಕೆ ಇಳಿದ ಮೇಲೆ ಅದು ನಿಲ್ಲುತ್ತದೆ. ಐದು ನಿಮಿಷ ತಡೆದೇ ಮೆಸೇಜ್ ಹೋಗುತ್ತದೆ. ಈ ಅಂತರ ಇಡದಿದ್ದರೆ ಉಷ್ಣತೆ 30ರ ಆಚೆ ಈಚೆ ಆಡಿದಷ್ಟೂ ಫೋನ್ ಕುಯ್ಯೋ ಅನ್ನುತ್ತಿರುತ್ತದೆ, ಆಮೇಲೆ ಯಾರೂ ಅದರ ಕಡೆ ನೋಡಲ್ಲ. ಸೆನ್ಸರ್ ರ‍್ಯಾಕಿನ ಮುಂದೆ, ನಡು ಎತ್ತರದಲ್ಲಿ ಇರಬೇಕು. ಎಸಿ ಕೆಳಗೆ ಹಾಕಿದರೆ ಯಾವಾಗಲೂ ತಂಪೇ ತೋರಿಸುತ್ತದೆ. ಬ್ಯಾಟರಿ ಹತ್ತಿರ ಇನ್ನೊಂದು ಇದ್ದರೆ ಒಳ್ಳೆಯದು. ಲೆಡ್ ಆಸಿಡ್ ಬ್ಯಾಟರಿಯ ಆಯಸ್ಸನ್ನು 25 ಡಿಗ್ರಿ ಹಿಡಿದು ಲೆಕ್ಕ ಹಾಕಿರುತ್ತಾರೆ. ಅದರ ಮೇಲೆ ಸುಮಾರು 10 ಡಿಗ್ರಿ ಏರಿದರೆ ಆಯಸ್ಸು ಹೆಚ್ಚುಕಡಿಮೆ ಅರ್ಧ.

ನೀರಿನ ಸೆನ್ಸರ್ ಅಂದರೆ ನೆಲದ ಮೇಲಿನ ಎರಡು ಲೋಹದ ಬಿಂದು. ನಡುವೆ ಒದ್ದೆಯಾದರೆ ಕೂಗುತ್ತದೆ. ಮಳೆಗಾಲದಲ್ಲಿ ಮಾಳಿಗೆ ಸೋರಿದರೆ ಗೊತ್ತಾಗಲಿ ಅಂತ ಹಾಕಿದ್ದು. ಹಿಡಿದದ್ದು ಎಸಿ ಡ್ರೈನ್ ಪೈಪಿನಲ್ಲಿ ಧೂಳು, ಪಾಚಿ ಕಟ್ಟಿ ಗೋಡೆಗುಂಟ ಇಳಿದ ನೀರನ್ನು. ಬಾಗಿಲ ಸೆನ್ಸರ್ ಕಿರಿಕಿರಿ, ಬಂದ್ ಮಾಡಿದೆವು.

ಈಗ ದೂರು. ತೇವಾಂಶದ ಸೆನ್ಸರ್ ಎರಡನೇ ವರ್ಷ ಜಾಸ್ತಿ ತೋರಿಸಲು ಶುರುಮಾಡಿತು. ಪರೀಕ್ಷೆ ಸುಲಭ: ಅಡುಗೆ ಉಪ್ಪಿಗೆ ಸ್ವಲ್ಪ ನೀರು ಬೆರೆಸಿ ಕೆಸರಿನಂತೆ ಮಾಡಿ, ಬಟ್ಟಲಲ್ಲಿ ಹಾಕಿ, ಸೆನ್ಸರ್ ಜೊತೆ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಸೆನ್ಸರ್‌ಗೆ ಉಪ್ಪು ತಾಗಬಾರದು. ಶೇಕಡಾ 75ರ ಹತ್ತಿರ ಬರಬೇಕು. ನಮ್ಮದು 83 ತೋರಿಸಿತು. ಬದಲಿ ಸೆನ್ಸರ್ ಕೇಳಿದರೆ ಮಾರಿದವರು ಪೆಟ್ಟಿಗೆ ಪೂರ್ತಿ ಕಳಿಸಿ ಅಂದರು. ಪೆಟ್ಟಿಗೆ ಅಲ್ಲಿಗೆ ಹೋದರೆ ಇಲ್ಲಿ ರೂಮು ನೋಡೋರು ಯಾರು? ಹುಬ್ಬಳ್ಳಿಯಲ್ಲೇ ಬಿಡಿ ಸೆನ್ಸರ್ ತಂದು ಹಾಕಿಸಿದೆ.

ಆ್ಯಪ್‌ಗೆ ವರ್ಷದ ಚಂದಾ ಕೇಳುತ್ತಾರೆ, ಕಟ್ಟಿಲ್ಲ. ರೂಮಿನ ನೆಟ್ ಹೋದರೆ ಆ್ಯಪ್ ಕೂಡ ಮೂಕ, ಎಸ್‌ಎಂಎಸ್ ಹಾಗಲ್ಲ. ಪೆಟ್ಟಿಗೆಗೆ ಅದರದ್ದೇ ಬ್ಯಾಟರಿ ಇದೆಯಾ, ಯಾವ ಸಿಮ್ ನಡೆಯುತ್ತದೆ ಅಂತ ಕೊಳ್ಳುವ ಮೊದಲೇ ಕೇಳಿ. 2ಜಿ ಪೆಟ್ಟಿಗೆಗೆ ಜಿಯೋ ಸಿಮ್ ಆಗುವುದಿಲ್ಲ. ರೀಚಾರ್ಜ್ ಮುಗಿದರೆ ಪೆಟ್ಟಿಗೆ ಹೇಳಲ್ಲ, ಅದಕ್ಕೇ ದಿನಾ ಬೆಳಿಗ್ಗೆ ಒಂಬತ್ತಕ್ಕೆ 'ಓಕೆ' ಮೆಸೇಜ್ ಹಾಕಿಸಿದ್ದೇನೆ. ಅದು ಬಾರದ ದಿನ ಮೊದಲು ಸಿಮ್ ನೋಡುತ್ತೇನೆ. ಒಟ್ಟಾರೆ ಈ ಪೆಟ್ಟಿಗೆಗೆ ಐದಕ್ಕೆ ಮೂರೂವರೆ ಅಂಕ.