ಕೀ ಚಕ್ಕಾ, ಕೀಲೆಸ್ಸಾ?

ಕಾಸರಗೋಡಿನ ಕಡೆ ಹಳೇ ಮನೆಗೋಡೆ ಅಂದ್ರೆ ಹೆಚ್ಚಾಗಿ ಮುರಕಲ್ಲು. ತೂತು ಕೊರೆದರೆ ಕೆಂಪು ಪುಡಿ ನೇರ ಡ್ರಿಲ್ಲಿನ ಚಕ್ಕಿನ, ಅಂದ್ರೆ ಬಿಟ್ ಹಿಡಿಯುವ ಮುಂಭಾಗದ, ಬಾಯಿಗೆ. ಕೀ ಇಲ್ಲದೆ ಕೈಯಲ್ಲೇ ಬಿಗಿ ಮಾಡುವ ಕೀಲೆಸ್ ಚಕ್ಕಿಗೆ ಪುಡಿ ಸೇರಿದರೆ ತಿರುಗದೆ ಸತಾಯಿಸುತ್ತದೆ. ಹ್ಯಾಮರ್ ಡ್ರಿಲ್ಲಿಗೆ ನನ್ನ ಓಟು ಕೀ ಚಕ್ಕಿಗೇ. ಆದರೆ ಚಕ್ಕಿನ ಸುತ್ತ ಇರುವ ಮೂರೂ ತೂತಿಗೆ ಕೀ ಹಾಕಿ ಬಿಗಿ ಮಾಡಬೇಕು. ಒಂದರಲ್ಲೇ ಸುಮ್ನೆ ತಿರುಗಿಸಿ ಬಿಟ್ಟರೆ ಬಿಟ್ ಜಾರಿ, ಅದನ್ನು ಕಚ್ಚಿ ಹಿಡಿಯುವ ದವಡೆ ಸವೆಯುತ್ತದೆ. ಮರಗೆಲಸಕ್ಕೆ, ಪದೇಪದೇ ಬಿಟ್ ಬದಲಿಸುವವರಿಗೆ ಕೀಲೆಸ್ಸೇ ಸುಖ. ಕೀ ಹುಡುಕುವ ತಲೆಬಿಸಿಯೂ ಇಲ್ಲ.

ಡ್ರಿಲ್ಲಿನಿಂದ ಬಿಚ್ಚುವಾಗಲೂ ಚಕ್ ಹಾಳಾಗುವುದುಂಟು. ಮೊದಲು ಪ್ಲಗ್ ಅಥವಾ ಬ್ಯಾಟರಿ ತೆಗೆಯಿರಿ. ದವಡೆ ಪೂರ್ತಿ ಅಗಲಿಸಿ ಒಳಗೆ ನೋಡಿ. ರಿವರ್ಸ್ ಇರುವ ಡ್ರಿಲ್ಲಿನಲ್ಲಿ ಸಾಮಾನ್ಯವಾಗಿ ತಳದಲ್ಲೊಂದು ಸ್ಕ್ರೂ ಇರುತ್ತದೆ. ಅದು ಉಲ್ಟಾ ಥ್ರೆಡ್ಡಿನದು, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಇದು ಗೊತ್ತಿಲ್ಲದೆ ಎಡಕ್ಕೆ ಒತ್ತಿದರೆ ಸ್ಕ್ರೂವಿನ ತಲೆ ಹೋಯಿತು ಅಂತಲೇ ಲೆಕ್ಕ. ಆಮೇಲೆ ಚಕ್ಕನ್ನು ಮಾತ್ರ ಎಡಕ್ಕೇ ತಿರುಗಿಸಿ.

ಮೇಜಿನ ಮೇಲೆ ನಿಲ್ಲಿಸುವ ಬೆಂಚ್ ಡ್ರಿಲ್ಲಿನ ಟೇಪರ್ ಚಕ್ಕಿಗೆ ಥ್ರೆಡ್ಡೇ ಇಲ್ಲ, ತುದಿಗೆ ಸಪೂರವಾಗುವ ದಂಡಿನ ಮೇಲೆ ಒತ್ತಿ ಕೂರುತ್ತದೆ. ಕೂರಿಸುವ ಮೊದಲು ದಂಡು, ಚಕ್ಕಿನ ಹಿಂದಿನ ತೂತು ಎರಡರ ಎಣ್ಣೆಯನ್ನೂ ಒರೆಸಿ ತೆಗೆಯಿರಿ. ದವಡೆ ಒಳಕ್ಕೆ ಎಳೆದು, ಮರದ ಸುತ್ತಿಗೆಯಲ್ಲಿ ಒಂದೇಟು ಸಾಕು. ದವಡೆ ಹೊರಗಿರುವಾಗ ಹೊಡೀಬೇಡಿ.

ಕಡಲ ಗಾಳಿಗೆ ಕೀ ಚಕ್, ಕೀಲೆಸ್ ಎರಡೂ ತುಕ್ಕು ಹಿಡಿಯುತ್ತವೆ. ಪುಡಿ ಬ್ರಷ್ಷಿನಲ್ಲಿ ತೆಗೆದು, ಒಂದು ಹನಿ ಎಣ್ಣೆ ಬಿಟ್ಟು, ಹೆಚ್ಚಾದದ್ದನ್ನು ಒರೆಸಿಬಿಡಿ.