ಬೇಳೆಗೊಂದು ಹೆಸರು, ಮೋಟಾರಿಗೊಂದು: ಕೀವರ್ಡ್ ಡೊಮೈನೋ, ಬ್ರ್ಯಾಂಡ್ ಡೊಮೈನೋ?

ಕಲಬುರಗಿಯಲ್ಲಿ ನಮ್ಮ ಅಣ್ಣ, ವೈನಿ ಇಬ್ಬರೂ ಸೇರಿ ಪಾಲಿಶ್ ಮಾಡದ ತೊಗರಿಬೇಳೆ ಮಾರುತ್ತಾರೆ. ವೆಬ್‌ಸೈಟಿನ ಕೆಲಸ ನನ್ನದು. ಅದೇ ಬೇಳೆಯನ್ನು ಎರಡು ಡೊಮೈನ್ ಹೆಸರುಗಳಲ್ಲಿ, ಅಂದರೆ ಎರಡು ವೆಬ್ ವಿಳಾಸಗಳಲ್ಲಿ, ಇಟ್ಟು ನೋಡಿದ್ದೇನೆ. ಒಂದು ಕೀವರ್ಡ್ ಹೆಸರು, ಅಂದರೆ ಜನ ಗೂಗಲ್‌ನಲ್ಲಿ ಹುಡುಕುವ ಪದಗಳನ್ನೇ ಜೋಡಿಸಿದ್ದು: ಗುಲ್ಬರ್ಗಾ, ತೂರ್, ದಾಲ್ ಮೂರೂ ಒಟ್ಟಿಗೆ, ಕೊನೆಗೆ ಡಾಟ್ ಇನ್. ಇನ್ನೊಂದು ಬ್ರ್ಯಾಂಡ್ ಹೆಸರು: ಸೇಡಂ ಕಡೆ ಇರುವ ನಮ್ಮ ಹೊಲಕ್ಕೆ ಮನೆಮಂದಿ ಕರೆಯುವ ಹೆಸರು. ಚಿಕ್ಕದು, ಬೇಳೆಯ ಸುಳಿವು ಅದರಲ್ಲಿಲ್ಲ. ಎರಡೂ ಸೈಟಿಗೆ ಬೇರೆ ಬೇರೆ ಬರಹ, ಬೇರೆ ಬೇರೆ ಫೋಟೋ ಹಾಕಿದ್ದೆ. ಒಂದೇ ಬರಹವನ್ನು ಎರಡೂ ಕಡೆ ಹಾಕಿದರೆ ಗೂಗಲ್ ಒಂದನ್ನು ಆರಿಸಿಕೊಂಡು ಇನ್ನೊಂದನ್ನು ಬದಿಗಿಡುತ್ತದೆ, ಆಗ ಹೋಲಿಸಲು ಏನೂ ಉಳಿಯುವುದಿಲ್ಲ. ಮುಂದೆ ಯಾದಗಿರಿಯಲ್ಲಿ ಅಕ್ಕನ ಗಂಡನ ಮೋಟಾರ್ ರಿಪೇರಿ ಅಂಗಡಿಗೆ, ಬೀದರಿನಲ್ಲಿ ಬಿದ್ರಿ ಕೆಲಸದ ಗೆಳೆಯನೊಬ್ಬನಿಗೆ ಹೆಸರು ಹುಡುಕುವಾಗಲೂ ಇದೇ ಪ್ರಶ್ನೆ ಎದ್ದಿತು. ಉತ್ತರ ಮಾತ್ರ ಮೂರೂ ಕಡೆ ಒಂದೇ ಆಗಿರಲಿಲ್ಲ.

ಗಿರಾಕಿ ನಿಮ್ಮ ಹತ್ತಿರ ಎರಡನೇ ಸಲ ಬರುತ್ತಾನೋ ಇಲ್ಲವೋ, ಬಂದರೆ ಯಾವ ದಾರಿಯಿಂದ ಬರುತ್ತಾನೆ ಅನ್ನುವುದನ್ನು ಮೊದಲು ನೋಡಬೇಕು. ಸಣ್ಣ ಊರಿನ ಧಂದೆಗೆ ಡೊಮೈನ್ ಆರಿಸುವಾಗ ಉಳಿದ ಮಾತೆಲ್ಲ ಇದರ ನಂತರದ್ದು ಎಂದೇ ನಾನು ನಂಬಿದ್ದೇನೆ.

ಹೆಸರಿನಲ್ಲೇ ಕೀವರ್ಡ್ ಇದ್ದರೆ ಗೂಗಲ್ ತಾನಾಗಿ ಮೇಲೆ ತರುತ್ತದೆ ಎಂದು ನಮ್ಮ ಕಡೆ ಡೊಮೈನ್ ಕೊಡಿಸುವವರು ಈಗಲೂ ಹೇಳುತ್ತಾರೆ. ಒಂದು ಕಾಲದಲ್ಲಿ ಆ ಮಾತಿನಲ್ಲಿ ಹುರುಳಿತ್ತು. 2012ರ ಸೆಪ್ಟೆಂಬರ್ ಕೊನೆಯಲ್ಲಿ ಗೂಗಲ್ ಒಂದು ಬದಲಾವಣೆ ತಂದು, ಹೆಸರು ಮಾತ್ರ ಹುಡುಕಾಟಕ್ಕೆ ಸರಿಯಾಗಿ ಹೊಂದಿ ಒಳಗೆ ಹುರುಳಿಲ್ಲದ ಸೈಟುಗಳನ್ನು ಕೆಳಗಿಳಿಸಿತು. ಈಗಂತೂ ಗೂಗಲ್ ತನ್ನ ಆರಂಭಿಕ ಕೈಪಿಡಿಯಲ್ಲೇ ಸ್ಪಷ್ಟವಾಗಿ ಬರೆದಿದೆ: ಡೊಮೈನಿನಲ್ಲಿ ಕೀವರ್ಡ್ ಇರುವುದರಿಂದ ಸ್ಥಾನದ ಮೇಲೆ ಆಗುವ ಪರಿಣಾಮ ಇಲ್ಲವೆನ್ನುವಷ್ಟು ಕಡಿಮೆ. ನಮ್ಮ ಎರಡು ಸೈಟುಗಳಲ್ಲೂ ನಾನು ಕಂಡದ್ದು ಅದನ್ನೇ. ಮೊದಲ ಕೆಲವು ವಾರ ಕೀವರ್ಡ್ ಸೈಟು ತುಸು ಮುಂದಿತ್ತು. ಹೊಲದ ಹೆಸರಿನ ಸೈಟಿಗೆ ವೈನಿ ಬೇಳೆ ಒಡೆಯುವ ಬಗೆ, ಪಾಲಿಶ್ ಬೇಳೆಗೂ ಇದಕ್ಕೂ ಬೇಯುವುದರಲ್ಲಿರುವ ವ್ಯತ್ಯಾಸ, ಹುಳ ಬೀಳದ ಹಾಗೆ ಡಬ್ಬಿಯಲ್ಲಿ ಇಡುವ ರೀತಿ ಇವನ್ನೆಲ್ಲ ಬರೆದು ಹಾಕಿದ ಮೇಲೆ ಆ ಅಂತರ ಉಳಿಯಲಿಲ್ಲ.

ಕೀವರ್ಡ್ ಹೆಸರಿಗೆ ಉಳಿಯುವ ನಿಜವಾದ ಲಾಭ ಬೇರೆ. ಹುಡುಕಿದ ಮನುಷ್ಯನ ಕಣ್ಣಿಗೆ ಹತ್ತು ಹೆಸರು ಬಿದ್ದಾಗ ತನಗೆ ಬೇಕಾದ ಮಾತೇ ವಿಳಾಸದಲ್ಲಿ ಕಂಡರೆ ಬೆರಳು ಅಲ್ಲಿಗೆ ಹೋಗುತ್ತದೆ. ಇದು ಗೂಗಲ್ ಕೊಡುವ ಅಂಕವಲ್ಲ, ಓದುಗ ಕೊಡುವ ನಂಬಿಕೆ. ಆ ನಂಬಿಕೆಗೂ ಒಂದು ಮಿತಿಯಿದೆ. ಈಗ ಹುಡುಕಾಟದ ಫಲಿತಾಂಶದಲ್ಲಿ ವಿಳಾಸದ ಮೇಲೆ ಸೈಟಿನ ಹೆಸರನ್ನೂ ಗೂಗಲ್ ತೋರಿಸುತ್ತದೆ. ತೀರಾ ಸಾಮಾನ್ಯ ಪದಗಳ ಹೆಸರಾದರೆ, ಅದು ತುಂಬ ಪ್ರಸಿದ್ಧವಾಗಿರದ ಹೊರತು ಅದನ್ನು ಆರಿಸಿಕೊಳ್ಳುವ ಸಾಧ್ಯತೆ ಕಡಿಮೆ ಎಂದೂ ಅದೇ ಗೂಗಲ್ ಹೇಳಿದೆ.

ನಮ್ಮ ಊರಿನ ಮಟ್ಟಿಗೆ ಕೀವರ್ಡ್ ಹೆಸರಿನ ದೊಡ್ಡ ತೊಡಕು ಊರಿನ ಹೆಸರೇ. 2014ರ ನವೆಂಬರ್ 1ರಂದು ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿ ಆಯಿತು. ಬೋರ್ಡು ಬದಲಾದವು, ಮಂದಿಯ ಬೆರಳು ಪೂರ್ತಿ ಬದಲಾಗಿಲ್ಲ. ವಿಶ್ವವಿದ್ಯಾಲಯ ಇಂದಿಗೂ ಗುಲ್ಬರ್ಗಾ ವಿಶ್ವವಿದ್ಯಾಲಯ, ಲೋಕಸಭಾ ಕ್ಷೇತ್ರ ಇಂದಿಗೂ ಗುಲ್ಬರ್ಗಾ. ಹೈದರಾಬಾದ್, ಸೊಲ್ಲಾಪುರ, ಪುಣೆ ಕಡೆಯ ಗಿರಾಕಿಗಳು ಹಳೆಯ ಹೆಸರಿನಲ್ಲೇ ಹುಡುಕುತ್ತಾರೆ. ಬೆಂಗಳೂರಿನ ಹೊಸ ತಲೆಮಾರಿನವರು ಕಲಬುರಗಿ ಎನ್ನುತ್ತಾರೆ, ಅದನ್ನೂ ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಇನ್ನು ಬೇಳೆ. ತೂರ್, ತುರ್, ತುವರ್, ಅರ್ಹರ್, ತೊಗರಿ. ತೂರ್ ಎಂಬ ಒಂದಕ್ಕೇ ಯು ಒಂದು ಹಾಕುವವರು, ಓ ಎರಡು ಹಾಕುವವರು, ಟಿ ಜೊತೆ ಎಚ್ ಸೇರಿಸುವವರು. ಡೊಮೈನಿನಲ್ಲಿ ಇವುಗಳಲ್ಲಿ ಒಂದನ್ನು ಮಾತ್ರ ಹಿಡಿಯಬಹುದು. ಸೈಟಿನ ಒಳಗಿನ ಬರಹದಲ್ಲಾದರೆ ಎಲ್ಲ ಹೆಸರೂ ಸಹಜವಾಗಿ ಬಂದುಹೋಗುತ್ತವೆ, ಗೂಗಲ್ ಅವನ್ನು ಓದಿಕೊಳ್ಳುತ್ತದೆ. ಹಾಗಾಗಿ ಕೀವರ್ಡ್ ಇರಬೇಕಾದ ಜಾಗ ಪುಟದ ತಲೆಬರಹ ಮತ್ತು ಬರಹ. ಡೊಮೈನಿಗೆ ಆ ಭಾರ ಹೊರಿಸಬೇಕಾಗಿಲ್ಲ.

ಕಾಗುಣಿತದ ತೊಡಕು ಸ್ವಂತ ಹೆಸರಿಗೂ ತಪ್ಪಿದ್ದಲ್ಲ. ಕನ್ನಡದ ಳ, ಣ, ದೀರ್ಘ ಸ್ವರ ಇವು ಇಂಗ್ಲಿಷ್ ಅಕ್ಷರಕ್ಕೆ ಹೋದಾಗ ಹತ್ತು ರೂಪ ತಾಳುತ್ತವೆ. ಹೊಲದ ಹೆಸರನ್ನು ಗಟ್ಟಿ ಮಾಡುವ ಮೊದಲು ನಾನು ಅದನ್ನು ಬೇರೆ ಬೇರೆ ವಯಸ್ಸಿನ ನೆಂಟರಿಗೆ ಫೋನಿನಲ್ಲಿ ಹೇಳಿ, ವಾಟ್ಸ್ಯಾಪಿನಲ್ಲಿ ಬರೆದು ಕಳಿಸಿರೆಂದು ಕೇಳಿದೆ. ಮೊದಲು ಅಂದುಕೊಂಡಿದ್ದ ಹೆಸರು ಅಲ್ಲೇ ಬಿತ್ತು. ಎರಡನೆಯದನ್ನು ಹೆಚ್ಚಿನವರು ಒಂದೇ ಥರ ಬರೆದರು, ಅದನ್ನು ಇಟ್ಟುಕೊಂಡೆವು. ಹಣ ಖರ್ಚಿಲ್ಲದ ಈ ಪರೀಕ್ಷೆಯನ್ನು ಯಾರೂ ಬಿಡಬಾರದು. ಹೆಸರಿನ ನಡುವೆ ಗೆರೆ (ಹೈಫನ್) ಇದ್ದರಂತೂ ಈ ಪರೀಕ್ಷೆ ದಾಟುವುದೇ ಕಷ್ಟ. ಒಳ್ಳೆಯ ಕೀವರ್ಡ್ ಹೆಸರುಗಳನ್ನು ಯಾವಾಗಲೋ ಯಾರೋ ಹಿಡಿದಿರುವುದರಿಂದ ನಮ್ಮಂಥವರಿಗೆ ಉಳಿಯುವುದು ಗೆರೆ ಹಾಕಿದವು ಇಲ್ಲವೇ ತೀರಾ ಉದ್ದದವು.

ಬೇಳೆಯ ವಿಷಯದಲ್ಲಿ ತೀರ್ಮಾನ ಮಾಡಿಸಿದ್ದು ವೈನಿಯ ಫೋನು. ಬೇಳೆ ತಿಂಗಳು ತಿಂಗಳು ಬೇಕಾಗುವ ಸರಕು. ಒಮ್ಮೆ ಕೊಂಡವರು ಮತ್ತೆ ಕೊಳ್ಳುತ್ತಾರೆ, ತಂಗಿಗೆ ಹೇಳುತ್ತಾರೆ, ಬಾಜೂ ಮನೆಯವರಿಗೆ ಹೇಳುತ್ತಾರೆ. ಕೀವರ್ಡ್ ಹೆಸರು ಹೇಳಿದಾಗ ಕೇಳಿದವರು ಅದನ್ನು ಅಂಗಡಿಯ ಹೆಸರು ಅಂದುಕೊಳ್ಳುವುದೇ ಇಲ್ಲ, ಸರಕಿನ ಹೆಸರು ಅಂದುಕೊಳ್ಳುತ್ತಾರೆ. ಗೂಗಲ್‌ನಲ್ಲಿ ಗುಲ್ಬರ್ಗಾ ತೂರ್ ದಾಲ್ ಎಂದು ಹೊಡೆಯುತ್ತಾರೆ, ಮೊದಲು ಸಿಕ್ಕವರ ಹತ್ತಿರ ಕೊಳ್ಳುತ್ತಾರೆ. ಒಬ್ಬರಂತೂ ಫೋನ್ ಮಾಡಿ, ಈ ಸಲ ನಿಮ್ಮ ಬೇಳೆ ಮೊದಲಿನಂಗ ಇಲ್ಲರಿ ಎಂದರು. ವಿಚಾರಿಸಿದರೆ ಆ ಪೊಟ್ಟಣ ನಮ್ಮದೇ ಅಲ್ಲ. ವೈನಿ ಅವತ್ತೇ ಹೇಳಿದರು: "ತಮ್ಮಾ, ನಮ್ಮ ಹೆಸರು ಕೇಳಿ ಮಂದಿ ಬ್ಯಾರೆಯವ್ರ ಅಂಗಡಿಗಿ ಹೋಗ್ಲತ್ತಾರ. ಬಾಯಾಗ ಉಳಿಯೋ ಹೆಸರು ಇಡು."

ಹೊಲದ ಹೆಸರಿನ ಸೈಟಿನಲ್ಲಿ ಇದು ತಿರುವುಮುರುವಾಗಿತ್ತು. ಹೊಸಬರು ಬರುವುದು ನಿಧಾನ, ಬಂದವರು ಮಾತ್ರ ನೇರ ಆ ಹೆಸರನ್ನೇ ಹೊಡೆದು ಮರಳುತ್ತಿದ್ದರು. ಗೂಗಲ್‌ನ ಸರ್ಚ್ ಕನ್ಸೋಲ್‌ನಲ್ಲಿ ಜನ ಯಾವ ಮಾತು ಹುಡುಕಿ ಬಂದರು ಎಂಬ ಪಟ್ಟಿ ಸಿಗುತ್ತದೆ. ಅದರಲ್ಲಿ ನಮ್ಮ ಹೊಲದ ಹೆಸರು ಮೆಲ್ಲಗೆ ಮೇಲಕ್ಕೆ ಬಂದದ್ದನ್ನು ಅಣ್ಣನಿಗೆ ತೋರಿಸಿದಾಗ ಅವನಿಗೆ ಬೇರೆ ವಾದ ಬೇಕಾಗಲಿಲ್ಲ. ಆ ಹೆಸರನ್ನು ಹುಡುಕುವವರು ಇನ್ನೊಬ್ಬರ ಅಂಗಡಿಗೆ ಹೋಗುವುದು ಅಪರೂಪ.

ಮುಂದೆ ವೈನಿ ಶೇಂಗಾ ಹಿಂಡಿ, ಖಡಕ್ ರೊಟ್ಟಿ ಶುರು ಮಾಡಿದರು. ದಾಲ್ ಎಂದು ವಿಳಾಸದಲ್ಲೇ ಬರೆದುಕೊಂಡ ಸೈಟಿನಲ್ಲಿ ರೊಟ್ಟಿ ಮಾರುವುದು ಹೇಗೆ? ಇದು ನಮ್ಮಂಥ ಸಣ್ಣವರ ಕಷ್ಟ ಮಾತ್ರವಲ್ಲ. ಇಂದು ದೇಶಕ್ಕೆಲ್ಲ ಗೊತ್ತಿರುವ ಝೊಮ್ಯಾಟೊ 2008ರಲ್ಲಿ ಶುರುವಾದದ್ದು ಫುಡೀಬೇ ಎಂಬ ಹೆಸರಿನಲ್ಲಿ. ಎರಡು ವರ್ಷದ ಮೇಲೆ ಫುಡ್ ಎಂಬ ಪದವಿಲ್ಲದ ಈ ಹೆಸರಿಗೆ ಅವರು ಬದಲಾದರು.

ಕಾನೂನಿನ ಬದಿಯನ್ನೂ ನೋಡಬೇಕು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಸರಕಿನ ಬಗೆ, ಗುಣ, ಹುಟ್ಟಿದ ಊರು ಇಷ್ಟನ್ನೇ ಹೇಳುವ ಹೆಸರಿಗೆ ಸಾಮಾನ್ಯವಾಗಿ ನೋಂದಣಿ ಸಿಗುವುದಿಲ್ಲ. ಬಹುಕಾಲದ ಬಳಕೆಯಿಂದ ಅದು ನಿಮ್ಮದೇ ಎಂದು ಜನ ಗುರುತಿಸುವಂತಾಗಿರಬೇಕು. ಊರು ಮತ್ತು ಬೇಳೆ ಸೇರಿಸಿದ ಹೆಸರು ಇದರ ನೇರ ಉದಾಹರಣೆ. ಅಲ್ಲದೆ ನಮ್ಮ ಭಾಗದ ತೊಗರಿಬೇಳೆಗೆ 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆ ಹೆಸರು ಈ ನೆಲದ ಬೆಳೆಗಾರರೆಲ್ಲರದ್ದು, ಒಬ್ಬರು ತಮ್ಮ ಬ್ರ್ಯಾಂಡ್ ಮಾಡಿಕೊಳ್ಳುವಂಥದ್ದಲ್ಲ. ಸ್ವಂತ ಹೆಸರಾದರೆ ಕಾಯ್ದುಕೊಳ್ಳುವ ದಾರಿಯಿದೆ. ಸತ್ಯಂ ಇನ್ಫೊವೇ ಪ್ರಕರಣದಲ್ಲಿ 2004ರಲ್ಲೇ ಸುಪ್ರೀಂ ಕೋರ್ಟ್ ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕಿನಂಥ ರಕ್ಷಣೆ ಉಂಟು ಎಂದಿದೆ.

ಇಷ್ಟು ಓದಿ, ಹಾಗಾದರೆ ಕೀವರ್ಡ್ ಹೆಸರು ಯಾರಿಗೂ ಬೇಡ ಎಂದುಕೊಳ್ಳಬೇಡಿ. ಯಾದಗಿರಿಯಲ್ಲಿ ಮಾಮಾ ಸಬ್‌ಮರ್ಸಿಬಲ್ ಮೋಟಾರ್ ರಿವೈಂಡಿಂಗ್ ಮಾಡುತ್ತಾರೆ. ಅವರ ಸೈಟಿಗೆ ನಾನು ಊರು, ಮೋಟಾರ್, ರಿಪೇರಿ ಮೂರನ್ನೇ ಸೇರಿಸಿ ಹೆಸರಿಟ್ಟೆ. ಇಂದಿಗೂ ಅದೇ ಸರಿ ಎನ್ನುತ್ತೇನೆ. ಬೋರ್‌ವೆಲ್ ಮೋಟಾರ್ ಸುಟ್ಟು ಹೊಲದಲ್ಲಿ ನಿಂತ ರೈತನಿಗೆ ಬ್ರ್ಯಾಂಡ್ ನೆನಪಿಡುವ ಗರಜು ಇಲ್ಲ. ಅವನಿಗೆ ಆ ಕ್ಷಣಕ್ಕೆ ಹತ್ತಿರದಲ್ಲಿ ಯಾರು ಈ ಕೆಲಸ ಮಾಡುತ್ತಾರೆ ಎಂದು ಗೊತ್ತಾಗಬೇಕು, ಫೋನ್ ನಂಬರ್ ಕಾಣಬೇಕು. ಮತ್ತೊಮ್ಮೆ ಅವನು ಬರುವುದು ಮೋಟಾರ್ ಇನ್ನೊಮ್ಮೆ ಸುಟ್ಟಾಗ. ಅಷ್ಟು ಹೊತ್ತಿಗೆ ಯಾವ ಚೆಂದದ ಹೆಸರೂ ನೆನಪಿನಲ್ಲಿ ಇರುವುದಿಲ್ಲ, ಅಥವಾ ಮಾಮಾನ ನಂಬರೇ ಅವನ ಫೋನಿನಲ್ಲಿ ಇರುತ್ತದೆ. ಇಂಥ ಕೆಲಸಕ್ಕೆ ಡೊಮೈನಿಗಿಂತ ಗೂಗಲ್ ಮ್ಯಾಪ್‌ನಲ್ಲಿರುವ ಅಂಗಡಿಯ ಪ್ರೊಫೈಲು, ಅದರಲ್ಲಿರುವ ಸರಿಯಾದ ಸಮಯ, ಗಿರಾಕಿಗಳ ಮಾತು ಹೆಚ್ಚು ಕೆಲಸ ಮಾಡುತ್ತವೆ. ಒಂದು ಎಚ್ಚರಿಕೆ: ಡೊಮೈನಿನಲ್ಲಿ ಕೀವರ್ಡ್ ಹಾಕಿದಂತೆ ಮ್ಯಾಪಿನ ಪ್ರೊಫೈಲಿನ ಹೆಸರಿಗೆ ಹಾಕಬಾರದು. ಅಲ್ಲಿ ಅಂಗಡಿಯ ಬೋರ್ಡಿನ ಮೇಲೆ ಏನಿದೆಯೋ ಅದೇ ಇರಬೇಕು ಎಂಬುದು ಗೂಗಲ್‌ನ ನಿಯಮ.

ಬೀದರಿನ ಗೆಳೆಯನ ವಿಷಯ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಬಿದ್ರಿ ಹೂದಾನಿಯನ್ನು ಯಾರೂ ತಿಂಗಳು ತಿಂಗಳು ಕೊಳ್ಳುವುದಿಲ್ಲ. ಮದುವೆಗೋ ಸನ್ಮಾನಕ್ಕೋ ಒಮ್ಮೆ ಕೊಂಡು ಹೋಗುತ್ತಾರೆ. ನನ್ನ ಲೆಕ್ಕದ ಪ್ರಕಾರ ಕೀವರ್ಡ್ ಹೆಸರು ಸಾಕಾಗಬೇಕಿತ್ತು, ಮೊದಲು ಅದನ್ನೇ ಇಟ್ಟೆವು ಕೂಡ. ಆದರೆ ಬಿದ್ರಿ ಮಾರುವ ಸೈಟುಗಳೆಲ್ಲ ಬಿದ್ರಿಗೆ ಆರ್ಟ್, ಕ್ರಾಫ್ಟ್, ವೇರ್ ಎಂದು ಬಾಲ ಹಚ್ಚಿಕೊಂಡವೇ. ಸತು ಮತ್ತು ತಾಮ್ರದ ಎರಕ, ಬೆಳ್ಳಿ ತಂತಿಯ ಕುಸುರಿ, ಬೀದರ್ ಕೋಟೆಯ ಮಣ್ಣಿನಿಂದ ಬರುವ ಕಪ್ಪು ಇವು ಎಲ್ಲರಲ್ಲೂ ಇವೆ. ಕೊಳ್ಳುವವರು ಬೆಲೆ ಕೊಡುವುದು ಇದು ಯಾರ ಕೈಕೆಲಸ ಎಂಬುದಕ್ಕೆ. ಆ ಕೈಗೆ ಹೆಸರಿಲ್ಲದಿದ್ದರೆ ಒಂದು ಸೈಟಿಗೂ ಇನ್ನೊಂದಕ್ಕೂ ಬೆಲೆಯ ಪೈಪೋಟಿ ಒಂದೇ ಉಳಿಯುತ್ತದೆ, ಕುಶಲಕರ್ಮಿಗೆ ಅದಕ್ಕಿಂತ ಕೆಟ್ಟದ್ದು ಇಲ್ಲ. ಈಗ ಅವನ ಸೈಟು ಮನೆತನದ ಹೆಸರಿನಲ್ಲಿದೆ, ಕೊನೆಗೆ ಬಿದ್ರಿ ಎಂಬ ಒಂದು ಪದ ಮಾತ್ರ ಸೇರಿದೆ. ಈ ಅರ್ಧಂಬರ್ಧ ದಾರಿ ನನಗೆ ಬಹಳ ಹಿಡಿಸಿದೆ. ಹೊಸಬರಿಗೆ ಏನು ಸಿಗುತ್ತದೆ ಎಂದು ತಿಳಿಯುತ್ತದೆ, ಹಳಬರಿಗೆ ಯಾರದ್ದು ಎಂದು ನೆನಪಿರುತ್ತದೆ. ಅಡಚಣೆ ಉದ್ದ ಒಂದೇ.

ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಹೆಸರು ಕೂಡ ಸಿಗುತ್ತದೆ. ನನಗೆ ಅದರ ಮೇಲೆ ಪ್ರೀತಿ ಇದೆ. ಆದರೆ ಅದನ್ನು ಅಂಟಿಸಿದಾಗ ಕೆಲವು ಕಡೆ ಎಕ್ಸ್‌ಎನ್ ಎಂದು ಶುರುವಾಗುವ ಅರ್ಥವಾಗದ ಅಕ್ಷರಗಳಾಗಿ ಕಾಣುತ್ತದೆ, ಹೊರರಾಜ್ಯದ ಗಿರಾಕಿ ಅದನ್ನು ಟೈಪ್ ಮಾಡಲಾರ. ಎರಡನೇ ಹೆಸರಾಗಿ ಇಟ್ಟುಕೊಳ್ಳಿ, ಮೊದಲನೆಯದಾಗಿ ಬೇಡ.

ಬೇಳೆಯ ಎರಡು ಸೈಟುಗಳನ್ನು ಕೊನೆಗೆ ಒಂದು ಮಾಡಿದೆವು. ಕೀವರ್ಡ್ ಸೈಟಿನ ಪ್ರತಿ ಪುಟವನ್ನೂ ಹೊಲದ ಹೆಸರಿನ ಸೈಟಿನಲ್ಲಿ ಅದಕ್ಕೆ ಹೊಂದುವ ಪುಟಕ್ಕೆ 301 ರೀಡೈರೆಕ್ಟ್ ಮಾಡಿದೆ, ಅಂದರೆ ಹಳೆಯ ವಿಳಾಸಕ್ಕೆ ಬಂದವರು ತಾವಾಗಿ ಹೊಸದಕ್ಕೆ ಹೋಗುವಂತೆ ಕಾಯಂ ಆಗಿ ತಿರುಗಿಸಿದೆ. ಎಲ್ಲವನ್ನೂ ಮುಖಪುಟಕ್ಕೆ ತಳ್ಳಿದರೆ ಒಳಪುಟಗಳು ಗಳಿಸಿದ್ದು ಹೋಗುತ್ತದೆ. ಸರ್ಚ್ ಕನ್ಸೋಲ್‌ನಲ್ಲಿ ವಿಳಾಸ ಬದಲಾವಣೆಯನ್ನೂ ತಿಳಿಸಿದೆ. ರೀಡೈರೆಕ್ಟನ್ನು ಕನಿಷ್ಠ ಒಂದು ವರ್ಷ ಇಡಿ ಎಂದು ಗೂಗಲ್ ಹೇಳುತ್ತದೆ. ನಾನು ಅದಕ್ಕಿಂತ ಬಹಳ ಹೆಚ್ಚು ಇಡುತ್ತೇನೆ, ಏಕೆಂದರೆ ಹಳೆಯ ಹೆಸರು ಅಚ್ಚಾದ ಪೊಟ್ಟಣಗಳು ಇನ್ನೂ ಮನೆಗಳಲ್ಲಿವೆ, ಬಿಟ್ಟುಕೊಟ್ಟ ಡೊಮೈನನ್ನು ಮುಂದೆ ಯಾರಾದರೂ ಕೊಂಡು ನಮ್ಮ ಗಿರಾಕಿಗಳಿಗೆ ಏನನ್ನಾದರೂ ಮಾರಬಹುದು. ಡಾಟ್ ಇನ್ ಹೆಸರನ್ನು ಒಮ್ಮೆಗೆ ಹತ್ತು ವರ್ಷದವರೆಗೆ ಹಿಡಿಯಬಹುದು. ಹೊಸದಾಗಿ ಕೊಳ್ಳುವವರು ಮೊದಲ ವರ್ಷದ ಅಗ್ಗದ ದರ ನೋಡದೆ ನವೀಕರಣದ ದರ ಕೇಳಿ, ಮತ್ತು ಡೊಮೈನ್ ಖಾತೆ ಸೈಟು ಮಾಡಿಕೊಟ್ಟವನ ಇಮೇಲಿನಲ್ಲಿ ಇರದೆ ನಿಮ್ಮ ಇಮೇಲಿನಲ್ಲೇ ಇರುವಂತೆ ನೋಡಿಕೊಳ್ಳಿ.