ಎಡಿನ್‌ಬರ್ಗ್‌ನ ಒಂದು ವರ್ಷದ ಭಾಷಾವಿಜ್ಞಾನ ಎಂಎಸ್ಸಿ: 40 ಲಕ್ಷಕ್ಕೆ ಸಿಗುವುದೇನು?

ಕೋರ್ಸು ಒಳ್ಳೆಯದು, ತೊಂದರೆ ಇರುವುದು ಅದರ ಕ್ಯಾಲೆಂಡರ್‌ನಲ್ಲಿ. ಸ್ಕಾಟ್ಲೆಂಡ್‌ನ ಎಡಿನ್‌ಬರ್ಗ್ ವಿಶ್ವವಿದ್ಯಾಲಯದ ಭಾಷಾವಿಜ್ಞಾನ ಎಂಎಸ್ಸಿಗೆ ಅರ್ಜಿ ಹಾಕುವ ಮುಂಚೆ ಈ ಎರಡನ್ನೂ ಬೇರೆ ಬೇರೆಯಾಗಿ ತೂಗಿ ನೋಡಬೇಕು. ವಿಭಾಗಕ್ಕೆ ಒಳ್ಳೆಯ ಹೆಸರಿದೆ, ಮೇಷ್ಟ್ರುಗಳು ಗಟ್ಟಿ ಅನ್ನುವುದರಲ್ಲಿ ತಕರಾರಿಲ್ಲ. ಆದರೆ ಮುಂದೆ ಪಿಎಚ್‌ಡಿ ಮಾಡುವ ಆಸೆ ಇಟ್ಟುಕೊಂಡು ಹೋಗುವವರಿಗೆ 12 ತಿಂಗಳ ಈ ಚೌಕಟ್ಟು ಹೇಗೆ ಕೈ ಕೊಡುತ್ತದೆ ಎಂಬುದನ್ನು ಕನ್ಸಲ್ಟೆನ್ಸಿಯವರು ಹೇಳುವುದಿಲ್ಲ.

ಮೊದಲು ರಚನೆ. ಸೆಪ್ಟೆಂಬರ್‌ನಲ್ಲಿ ಶುರು. ಒಟ್ಟು 180 ಕ್ರೆಡಿಟ್. ಅದರಲ್ಲಿ 120 ಎರಡು ಸೆಮಿಸ್ಟರ್‌ಗಳ ಪಾಠಕ್ಕೆ, ಉಳಿದ 60 ಬೇಸಿಗೆಯಲ್ಲಿ ಬರೆದು ಆಗಸ್ಟ್‌ನಲ್ಲಿ ಒಪ್ಪಿಸುವ ಪ್ರಬಂಧಕ್ಕೆ. ಅಲ್ಲಿನ ಲೆಕ್ಕದಲ್ಲಿ ಒಂದು ಕ್ರೆಡಿಟ್ ಅಂದರೆ 10 ಗಂಟೆಯ ಕೆಲಸ. ಹಾಗಾಗಿ 20 ಕ್ರೆಡಿಟ್‌ನ ಒಂದು ವಿಷಯಕ್ಕೆ 200 ಗಂಟೆ. ತರಗತಿಯಲ್ಲಿ ಕೂರುವುದು ಅದರ ಸಣ್ಣ ಪಾಲು, ಮಿಕ್ಕಿದ್ದೆಲ್ಲ ನಿಮ್ಮ ಓದು. ನಮ್ಮ ಎಂಎ ತರಗತಿಗಳ ಹಾಗೆ ದಿನಕ್ಕೆ ನಾಲ್ಕು ಪಿರಿಯಡ್ ಇರುತ್ತದೆ ಎಂದುಕೊಂಡು ಹೋದವರು ಮೊದಲ ತಿಂಗಳು ಖಾಲಿ ಟೈಮ್‌ಟೇಬಲ್ ನೋಡಿ ಆರಾಮಾಗಿ ಇದ್ದುಬಿಡುತ್ತಾರೆ. ನವೆಂಬರ್ ಹೊತ್ತಿಗೆ ಮೂರು ವಿಷಯಗಳ ಅಸೈನ್‌ಮೆಂಟ್ ಒಟ್ಟಿಗೆ ಬಂದು ಕುತ್ತಿಗೆಗೆ ಕೂರುತ್ತದೆ. ತಡವಾಗಿ ಕೊಟ್ಟರೆ ದಿನಕ್ಕೆ 5 ಅಂಕ ಕಡಿತ, ಏಳು ದಿನ ದಾಟಿದರೆ ಸೊನ್ನೆ. 'ಮೇಷ್ಟ್ರನ್ನ ಕೇಳಿಕೊಂಡರೆ ಆಯ್ತು' ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ವಿನಾಯಿತಿ ಬೇಕಿದ್ದರೆ ಗಡುವಿಗೆ ಮುಂಚೆಯೇ ಆನ್‌ಲೈನ್ ಅರ್ಜಿ ಹಾಕಬೇಕು.

ಅಂಕಗಳ ವಿಷಯ ಮನೆಯವರಿಗೂ ಮೊದಲೇ ಹೇಳಿಟ್ಟರೆ ಒಳ್ಳೆಯದು. 50 ಪಾಸು, 60 ಮೆರಿಟ್, 70 ಬಂದರೆ ಡಿಸ್ಟಿಂಕ್ಷನ್. 80 ಎನ್ನುವುದು ಅಪರೂಪ. ಪಿಯುಸಿಯಲ್ಲಿ 95 ತೆಗೆದವರಿಗೆ 62 ನೋಡಿದರೆ ಎದೆ ಧಸಕ್ ಅನ್ನುತ್ತದೆ, ಆದರೆ ಅಲ್ಲಿ ಅದು ಮರ್ಯಾದೆಯ ಅಂಕವೇ.

ಇನ್ನು ಪಾಠ. ಮೊದಲ ಸೆಮಿಸ್ಟರ್‌ನಲ್ಲಿ ಫೊನಾಲಜಿ (ಧ್ವನಿವ್ಯವಸ್ಥೆ), ಸಿಂಟ್ಯಾಕ್ಸ್ (ವಾಕ್ಯರಚನೆ), ಸೆಮ್ಯಾಂಟಿಕ್ಸ್‌ಗಳ (ಅರ್ಥವಿಚಾರ) ಬುನಾದಿ. ಅಲ್ಲಿ ಕಲಿಸುವುದು ಮಾಹಿತಿಯನ್ನಲ್ಲ, ವಾದ ಕಟ್ಟುವ ಕ್ರಮವನ್ನು. ಕನ್ನಡದಿಂದಲೇ ಒಂದು ಉದಾಹರಣೆ ಕೊಡಬಹುದು. 'ಅವಳು ಬಂದಳು', 'ಅವರು ಬಂದರು' ಅನ್ನುತ್ತೇವೆ. ನಕಾರಕ್ಕೆ ಬಂದರೆ 'ಅವಳು ಬರಲಿಲ್ಲ', 'ಅವರು ಬರಲಿಲ್ಲ', 'ನಾನು ಬರಲಿಲ್ಲ'. ಲಿಂಗ, ವಚನ, ಪುರುಷ ಎಲ್ಲ ಎಲ್ಲಿ ಹೋದವು? ಹಳೆಯ ರೂಪವಾದ 'ಬಾರಳು', 'ಬಾರರು', 'ಬಾರೆನು' ನೋಡಿದರೆ ಅಲ್ಲಿ ನಕಾರವಿದ್ದರೂ ಪ್ರತ್ಯಯ ಉಳಿದಿದೆ. ಇನ್ನೊಂದು ತಮಾಷೆ: 'ಬರಲಿಲ್ಲ' ಎಂಬುದರಲ್ಲಿ ಭೂತಕಾಲದ ಗುರುತೇ ಇಲ್ಲ, ಇರುವುದು 'ಬರಲು' ಮತ್ತು 'ಇಲ್ಲ' ಮಾತ್ರ. ಆದರೂ ಅರ್ಥ ಭೂತಕಾಲದ್ದೇ. 'ಬರುವುದಿಲ್ಲ' ಎಂದರೆ ಮಾತ್ರ ಭೂತವಲ್ಲದ ಅರ್ಥ. ಶಾಲೆಯ ವ್ಯಾಕರಣ ಇದಕ್ಕೆ 'ನಿಷೇಧರೂಪ' ಎಂದು ಹೆಸರಿಟ್ಟು ಮುಂದೆ ಹೋಗುತ್ತದೆ. ಅಲ್ಲಿನ ಅಸೈನ್‌ಮೆಂಟ್ ಶುರುವಾಗುವುದೇ ಹೆಸರಿಟ್ಟ ಮೇಲೆ. ಕಾಲದ ಅರ್ಥ ಎಲ್ಲಿಂದ ಬಂತು, ನಿಮ್ಮ ಉತ್ತರ ಸರಿಯಾಗಿದ್ದರೆ ಇನ್ನಾವ ವಾಕ್ಯ ತಪ್ಪಾಗಬೇಕು, ಅದು ನಿಜಕ್ಕೂ ತಪ್ಪೇ? ಈ ಕೊನೆಯ ಪ್ರಶ್ನೆಯಲ್ಲೇ ನಮ್ಮವರು ಅಂಕ ಕಳೆದುಕೊಳ್ಳುವುದು. ಸರಿಯಾದ ವಾಕ್ಯಗಳ ರಾಶಿ ಹಾಕಿರುತ್ತಾರೆ, ಯಾರೂ ಆಡದ, 'ಇದು ತಪ್ಪು' ಎಂದು ತೋರಿಸಲು ನಕ್ಷತ್ರ ಚಿಹ್ನೆ ಹಾಕಿದ ವಾಕ್ಯ ಒಂದೂ ಇರುವುದಿಲ್ಲ. ತಪ್ಪು ವಾಕ್ಯವಿಲ್ಲದೆ ಸಿಂಟ್ಯಾಕ್ಸ್‌ನಲ್ಲಿ ವಾದವೇ ನಿಲ್ಲುವುದಿಲ್ಲ.

ಕನ್ನಡ ಗೊತ್ತಿರುವುದು ಅಲ್ಲಿ ಆಸ್ತಿ. ಭಾಷಾವಿಜ್ಞಾನಿ ಜೆಫ್ರಿ ಲಿಡ್ಜ್ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಪ್ರಯೋಗ ಮಕ್ಕಳ ಭಾಷಾಕಲಿಕೆಯ ಚರ್ಚೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅದು ನಡೆದದ್ದು ಕನ್ನಡ ಮಾತಾಡುವ ಮೂರು ವರ್ಷದ ಮಕ್ಕಳ ಮೇಲೆ. ಕನ್ನಡದಲ್ಲಿ ಕ್ರಿಯಾಪದಕ್ಕೆ '-ಇಸು' ಸೇರಿತೆಂದರೆ ('ಮಾಡು', 'ಮಾಡಿಸು') ಒಬ್ಬರು ಇನ್ನೊಂದನ್ನು ಆಗುವಂತೆ ಮಾಡಿದ್ದಾರೆ ಎಂದರ್ಥ. ಅದು ನಂಬಬಹುದಾದ ಗುರುತು. ಆದರೂ ಆ ಮಕ್ಕಳು '-ಇಸು'ವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ, ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದರ ಮೇಲೆ ಅರ್ಥ ಹಿಡಿದರು. ಇಂಥ ಕಡೆ ಮಾತೃಭಾಷೆ ಬಲ್ಲವರು ತರಗತಿಯಲ್ಲಿ ಸುಮ್ಮನೆ ಕೂರಬೇಕಾಗಿಲ್ಲ. ಆದರೆ ಒಂದು ಎಚ್ಚರಿಕೆ: 'ನಮ್ಮ ಕಡೆ ಹೀಗೇ ಅನ್ನೋದು' ಎಂಬುದು ದತ್ತಾಂಶದ ಆರಂಭವಷ್ಟೇ. ಧಾರವಾಡದವರು, ಕುಂದಾಪುರದವರು, ಮೈಸೂರಿನವರು ಆ ವಾಕ್ಯವನ್ನು ಒಪ್ಪುತ್ತಾರೋ ಇಲ್ಲವೋ ಎಂದು ಕೇಳಿ ಬರೆದರೆ ಪ್ರಬಂಧಕ್ಕೆ ತೂಕ.

ಎರಡನೇ ಸೆಮಿಸ್ಟರ್‌ನ ಐಚ್ಛಿಕಗಳಲ್ಲಿ ಈ ವಿಭಾಗದ ನಿಜವಾದ ಬಲ ಕಾಣುತ್ತದೆ. ಭಾಷೆಯ ವಿಕಾಸದ ಮೇಲೆ ಸೈಮನ್ ಕರ್ಬಿ ಮತ್ತು ಸಂಗಡಿಗರ ಕೆಲಸ ನಡೆದದ್ದು ಇಲ್ಲೇ. ಅದಕ್ಕೇ ಒಂದು ಕೇಂದ್ರವಿದೆ. ಮಾತಿನ ತಂತ್ರಜ್ಞಾನದ ಕೇಂದ್ರವೂ ಇದೆ. ಬರಹವನ್ನು ಮಾತಾಗಿಸುವ 'ಫೆಸ್ಟಿವಲ್' ತಂತ್ರಾಂಶ ಹುಟ್ಟಿದ್ದು ಅಲ್ಲಿ. ಸಾಫ್ಟ್‌ವೇರ್ ಕೆಲಸದ ಮೇಲೆ ಕಣ್ಣಿಟ್ಟವರು ಸಾಮಾನ್ಯ ಭಾಷಾವಿಜ್ಞಾನದ ಎಂಎಸ್ಸಿ ಬಿಟ್ಟು ಮಾತು ಮತ್ತು ಭಾಷಾ ಸಂಸ್ಕರಣೆಯ ಎಂಎಸ್ಸಿಗೇ ಅರ್ಜಿ ಹಾಕಬೇಕು. ಸಿಂಟ್ಯಾಕ್ಸ್ ಮರಗಳನ್ನು (ವಾಕ್ಯರಚನೆ ತೋರಿಸುವ ಚಿತ್ರಗಳನ್ನು) ಬರೆದು ಬೆಂಗಳೂರಿನ ಎಐ ಕಂಪನಿಯ ಇಂಟರ್‌ವ್ಯೂಗೆ ಹೋದರೆ ಪೈಥಾನ್ ಎಲ್ಲಿ ಎಂದು ಕೇಳುತ್ತಾರೆ. ಇನ್ನೊಂದು ಗೊಂದಲವೂ ಆಗಾಗ ಕಾಣುತ್ತದೆ: ಈ ಪದವಿಯಿಂದ ಸ್ಪೀಚ್ ಥೆರಪಿಸ್ಟ್ ಆಗಲು ಬರುವುದಿಲ್ಲ. ಅದರ ದಾರಿಯೇ ಬೇರೆ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆಯ ಕೋರ್ಸು ಬೇಕು.

ಪ್ರಬಂಧದಲ್ಲಿ ಎಡವುವುದು ಎರಡು ಕಡೆ. ಮನುಷ್ಯರಿಂದ ದತ್ತಾಂಶ ಪಡೆಯುವುದಾದರೆ ಮೊದಲು ನೈತಿಕ ಸಮಿತಿಯ ಒಪ್ಪಿಗೆ ಬೇಕು. ಏಪ್ರಿಲ್‌ನಲ್ಲಿ ಊರಿಗೆ ಬಂದು ಅಜ್ಜಿಯ ಮಾತು ರೆಕಾರ್ಡ್ ಮಾಡಿಕೊಂಡು, ಒಪ್ಪಿಗೆ ಮೇ ತಿಂಗಳಲ್ಲಿ ಸಿಕ್ಕರೆ ಆ ರೆಕಾರ್ಡಿಂಗ್ ಬಳಸುವ ಹಾಗಿಲ್ಲ. ಅಲ್ಲದೆ ವಿದ್ಯಾರ್ಥಿ ವೀಸಾದಲ್ಲಿ ಇರುವವರು ಪಾಠದ ಅವಧಿಯಲ್ಲಿ ದೇಶ ಬಿಡಬೇಕಾದರೆ ವಿಶ್ವವಿದ್ಯಾಲಯದ ಅನುಮತಿ ಪಡೆಯಬೇಕು. ಎರಡನೆಯದು ಧ್ವನಿಯ ಗುಣಮಟ್ಟ. ಮನೆಯವರಿಂದ ವಾಟ್ಸ್‌ಆ್ಯಪ್‌ನಲ್ಲಿ ತರಿಸಿಕೊಂಡ ವಾಯ್ಸ್ ಮೆಸೇಜ್ ಮಾತಿನ ಧ್ವನಿಗಳನ್ನು ಅಳೆಯುವ ಫೊನೆಟಿಕ್ಸ್‌ಗೆ ಪ್ರಯೋಜನಕ್ಕಿಲ್ಲ, ಏಕೆಂದರೆ ಅದು ಕುಗ್ಗಿಸಿದ ಫೈಲು, ಮೇಲಿನ ಆವರ್ತನಗಳ ವಿವರ ಕಿತ್ತುಹೋಗಿರುತ್ತದೆ. 'ಶ', 'ಷ', 'ಸ'ಗಳ ವ್ಯತ್ಯಾಸ ಅಳೆಯಲು ಬೇಕಾಗಿರುವುದೇ ಆ ವಿವರ. 44.1 ಕಿಲೋಹರ್ಟ್ಸ್‌ನ ವೇವ್ ಫೈಲ್, ಫ್ಯಾನ್ ಆಫ್ ಮಾಡಿದ ಕೋಣೆ, ಬಾಯಿಂದ ಒಂದು ಗೇಣು ದೂರದ ಮೈಕು, ಇಷ್ಟಿದ್ದರೆ ಸಾಕು. ಅಳೆಯಲು ಪ್ರಾಟ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ.

ದುಡ್ಡಿನ ಮಾತಿಗೆ ಬರೋಣ. ವಿದೇಶಿ ವಿದ್ಯಾರ್ಥಿಗಳ ಶುಲ್ಕ 25 ಸಾವಿರ ಪೌಂಡ್ ದಾಟುತ್ತದೆ. ವೀಸಾ ನಿಯಮದಂತೆ ಲಂಡನ್ ಹೊರಗಿನವರು ತಿಂಗಳಿಗೆ 1,171 ಪೌಂಡ್‌ನಂತೆ ಒಂಬತ್ತು ತಿಂಗಳಿಗೆ 10,539 ಪೌಂಡ್ ತೋರಿಸಬೇಕು (2025ರ ನವೆಂಬರ್‌ನಿಂದ ಜಾರಿಗೆ ಬಂದ ದರ). ಪೌಂಡಿಗೆ 115 ರೂಪಾಯಿ ಹಿಡಿದರೂ ಇವೆರಡೇ 40 ಲಕ್ಷ ದಾಟಿತು. 2025ರ ಏಪ್ರಿಲ್‌ನಲ್ಲಿ ವೀಸಾ ಶುಲ್ಕ 524 ಪೌಂಡ್ ಆಯಿತು. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಗೆಂದು ಕಟ್ಟುವ ಆರೋಗ್ಯ ಸರ್‌ಚಾರ್ಜ್ ವರ್ಷಕ್ಕೆ 776 ಎಂದಿದ್ದರೂ ಒಂದು ವರ್ಷದ ಕೋರ್ಸಿಗೆ ಕಟ್ಟುವುದು 1,164. ಕಾರಣ, ಕೋರ್ಸು ಮುಗಿದ ಮೇಲೂ ನಾಲ್ಕು ತಿಂಗಳು ವೀಸಾ ಇರುತ್ತದೆ, ಆ ಉಳಿಕೆಗೆ ಅರ್ಧ ವರ್ಷದ ದರ ಸೇರುತ್ತದೆ. ಬಜೆಟ್ ಹಾಕುವಾಗ ಎಲ್ಲರೂ ಮರೆಯುವ ಅಂಕಿ ಇದು.

ವೀಸಾ ತಿರಸ್ಕಾರಕ್ಕೆ ಹೆಸರಾದ ಕಾರಣ ಬ್ಯಾಂಕ್ ಬ್ಯಾಲೆನ್ಸ್. ಬೇಕಾದ ಹಣ ಸತತ 28 ದಿನ ಖಾತೆಯಲ್ಲಿ ಇರಬೇಕು. 27ನೇ ದಿನ ಯಾವುದೋ ಇಎಂಐ ಕಡಿತವಾಗಿ ಒಂದು ರೂಪಾಯಿ ಕೆಳಗಿಳಿದರೂ ಎಣಿಕೆ ಮೊದಲಿನಿಂದ ಶುರು. ಆ 28 ದಿನದ ಕೊನೆಯ ದಿನಾಂಕ ಅರ್ಜಿಯ ದಿನಕ್ಕಿಂತ 31 ದಿನಕ್ಕೂ ಹಳೆಯದಾಗಿರಬಾರದು. ಷೇರು, ಮ್ಯೂಚುವಲ್ ಫಂಡ್, ಚಿನ್ನ, ಸೈಟಿನ ಪತ್ರ ಯಾವುದೂ ಲೆಕ್ಕಕ್ಕಿಲ್ಲ. ಅಪ್ಪ ಅಮ್ಮನ ಖಾತೆಯಾದರೆ ನಡೆಯುತ್ತದೆ, ಜೊತೆಗೆ ಜನನ ಪ್ರಮಾಣಪತ್ರ ಮತ್ತು ಒಪ್ಪಿಗೆ ಪತ್ರ ಇರಬೇಕು. ಕನ್ನಡದಲ್ಲಿರುವ ಜನನ ಪ್ರಮಾಣಪತ್ರಕ್ಕೆ ಇಂಗ್ಲಿಷ್ ಅನುವಾದ ಮಾಡಿಸಿ. ಅಪ್ಪನ ಹೆಸರು ಪಾಸ್‌ಪೋರ್ಟ್‌ನಲ್ಲಿ ಒಂದು ಥರ, ಬ್ಯಾಂಕಿನಲ್ಲಿ ಇನಿಷಿಯಲ್ ಸಮೇತ ಇನ್ನೊಂದು ಥರ ಇದ್ದರೆ ಅದನ್ನು ಮೊದಲೇ ಸರಿಪಡಿಸಿಕೊಳ್ಳಿ. ಭಾರತದಿಂದ ಹೋಗುವವರಿಗೆ ಕ್ಷಯ ಪರೀಕ್ಷೆಯ ಪ್ರಮಾಣಪತ್ರವೂ ಕಡ್ಡಾಯ. ಬ್ರಿಟನ್ ಸರ್ಕಾರ ಒಪ್ಪಿದ ಕ್ಲಿನಿಕ್‌ನದ್ದೇ ಆಗಬೇಕು, ಬಾಳಿಕೆ ಆರು ತಿಂಗಳು.

ವಿದ್ಯಾರ್ಥಿವೇತನಗಳ ಪೈಕಿ ಬ್ರಿಟನ್ ಸರ್ಕಾರದ ಚೀವ್ನಿಂಗ್ ಪೂರ್ತಿ ಖರ್ಚು ಭರಿಸುತ್ತದೆ. ಆದರೆ ಎರಡು ವರ್ಷದ ಕೆಲಸದ ಅನುಭವ ಬೇಕು, ಓದು ಮುಗಿದ ಮೇಲೆ ಎರಡು ವರ್ಷ ಊರಿಗೆ ಮರಳಿರಬೇಕು. ಪದವಿ ಮುಗಿಸಿ ನೇರ ಹೋಗುವವರಿಗೆ ಅದು ಸಿಗುವುದಿಲ್ಲ.

ಈಗ ಕ್ಯಾಲೆಂಡರ್‌ಗೆ ಬರೋಣ. ಅಮೆರಿಕದ ಭಾಷಾವಿಜ್ಞಾನ ಪಿಎಚ್‌ಡಿಗಳಲ್ಲಿ ಸಾಮಾನ್ಯವಾಗಿ ಐದು ವರ್ಷ ಶುಲ್ಕ ಮಾಫಿ, ಮೇಲೆ ಸ್ಟೈಪೆಂಡ್. ಅಲ್ಲಿಗೆ ಹೋಗಲು ಮಾಸ್ಟರ್ಸ್ ಬೇಕೇಬೇಕೆಂದಿಲ್ಲ. ಅರ್ಜಿಯ ಗಡುವು ಡಿಸೆಂಬರ್‌ನಿಂದ ಜನವರಿ ಮೊದಲ ವಾರಗಳ ತನಕ. ಕೇಳುವುದು ಮೂರು ಶಿಫಾರಸು ಪತ್ರ ಮತ್ತು ನೀವು ಬರೆದ ಒಂದು ಒಳ್ಳೆಯ ಸಂಶೋಧನಾ ಬರಹ. ಸೆಪ್ಟೆಂಬರ್‌ನಲ್ಲಿ ಎಡಿನ್‌ಬರ್ಗ್‌ಗೆ ಕಾಲಿಟ್ಟವರ ಕೈಯಲ್ಲಿ ಡಿಸೆಂಬರ್ ಹೊತ್ತಿಗೆ ಒಂದು ಅಂತಿಮ ಅಂಕವೂ ಇರುವುದಿಲ್ಲ, ಪ್ರಬಂಧದ ವಿಷಯವೂ ಗಟ್ಟಿಯಾಗಿರುವುದಿಲ್ಲ. ಹತ್ತು ವಾರ ನೋಡಿದ ಮೇಷ್ಟ್ರು ಏನೆಂದು ಪತ್ರ ಬರೆಯಬೇಕು? 'ಚೆನ್ನಾಗಿ ಪ್ರಶ್ನೆ ಕೇಳುತ್ತಾರೆ' ಎಂದು ಬರೆಯಬಹುದು, ಅಷ್ಟೇ. ಹೀಗಾಗಿ 40 ಲಕ್ಷ ಸುರಿದು ಗಳಿಸಿದ ಶಿಫಾರಸು ಕೆಲಸಕ್ಕೆ ಬರುವುದು ಮುಂದಿನ ವರ್ಷದ ಸುತ್ತಿಗೆ. ನಡುವಿನ ವರ್ಷ ಬ್ರಿಟನ್‌ನಲ್ಲೇ ಉಳಿಯಬೇಕೆಂದರೆ, ಓದು ಮುಗಿಸಿದವರಿಗೆ ಕೊಡುವ ಗ್ರಾಜುಯೇಟ್ ವೀಸಾ ಬೇಕು. ಎರಡು ವರ್ಷಕ್ಕೆ 880 ಪೌಂಡ್ ಶುಲ್ಕ, ಜೊತೆಗೆ ವರ್ಷಕ್ಕೆ 1,035ರಂತೆ ಆರೋಗ್ಯ ಸರ್‌ಚಾರ್ಜ್, ಇವು 2025ರ ದರ. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅವಧಿ 18 ತಿಂಗಳಿಗೆ ಇಳಿಯುತ್ತದೆ. ಪ್ರಬಂಧ ಆಗಸ್ಟ್‌ನಲ್ಲಿ ಮುಗಿಯುವುದರಿಂದ ಊರಿಗೆ ಬಂದು, ಅದನ್ನೇ 20-25 ಪುಟಕ್ಕೆ ಬಿಗಿಯಾಗಿ ಇಳಿಸಿ ಡಿಸೆಂಬರ್‌ಗೆ ಕಳಿಸುವುದು ಅಗ್ಗದ ದಾರಿ.

ಇದೇ ಕಾರಣಕ್ಕೆ ಜರ್ಮನಿಯ ಎರಡು ವರ್ಷದ ಮಾಸ್ಟರ್ಸ್ ಪಿಎಚ್‌ಡಿ ಆಸೆಯವರಿಗೆ ಹೆಚ್ಚು ಒಪ್ಪುತ್ತದೆ ಎಂಬುದು ನಮ್ಮ ಅಭಿಪ್ರಾಯ. ಎರಡನೇ ವರ್ಷದ ಡಿಸೆಂಬರ್ ಹೊತ್ತಿಗೆ ಎರಡು ಸೆಮಿಸ್ಟರ್ ಅಂಕ, ಪರಿಚಯವಾದ ಮೇಷ್ಟ್ರುಗಳು, ಒಂದಾದರೂ ಒಳ್ಳೆಯ ಸೆಮಿನಾರ್ ಪ್ರಬಂಧ ಕೈಯಲ್ಲಿರುತ್ತದೆ. ಪಾಟ್ಸ್‌ಡಾಮ್, ಸಾರ್‌ಲ್ಯಾಂಡ್‌ಗಳಲ್ಲಿ ಇಂಗ್ಲಿಷ್ ಮಾಧ್ಯಮದ ಕೋರ್ಸುಗಳಿವೆ, ಬೋಧನಾ ಶುಲ್ಕವಿಲ್ಲ, ಸೆಮಿಸ್ಟರ್‌ಗೆ ಕೆಲವು ನೂರು ಯೂರೋ ವಂತಿಗೆ ಮಾತ್ರ. ಟ್ಯೂಬಿಂಗೆನ್, ಸ್ಟುಟ್‌ಗಾರ್ಟ್, ಕಾನ್‌ಸ್ಟಾನ್ಸ್ ಇರುವ ರಾಜ್ಯದಲ್ಲಿ ಮಾತ್ರ ಯುರೋಪ್ ಒಕ್ಕೂಟದ ಹೊರಗಿನವರು ಸೆಮಿಸ್ಟರ್‌ಗೆ 1,500 ಯೂರೋ ಕಟ್ಟಬೇಕು. ಬ್ಲಾಕ್ಡ್ ಅಕೌಂಟ್‌ನಲ್ಲಿ ವರ್ಷಕ್ಕೆ 11,904 ಯೂರೋ ಇಡಬೇಕು. ಆ ಹಣ ತಿಂಗಳಿಗೆ 992ರಂತೆ ನಿಮಗೇ ವಾಪಸು ಬರುತ್ತದೆ. 2022ರ ನವೆಂಬರ್‌ನಿಂದ ಎಪಿಎಸ್ ಪ್ರಮಾಣಪತ್ರ (ನಿಮ್ಮ ಓದಿನ ದಾಖಲೆಗಳು ಅಸಲಿ ಎಂದು ಪರಿಶೀಲಿಸಿ ಕೊಡುವುದು) ಕಡ್ಡಾಯ, ಶುಲ್ಕ 18,000 ರೂಪಾಯಿ. ಅದು ಕೈಸೇರಲು ವಾರಗಟ್ಟಲೆ ಹಿಡಿಯುವುದರಿಂದ ಅಂತಿಮ ವರ್ಷದ ಅಂಕಪಟ್ಟಿಗೆ ಕಾಯದೆ ಯಾವ ದಾಖಲೆಗಳಿಂದ ಅರ್ಜಿ ಹಾಕಬಹುದೆಂದು ಮೊದಲೇ ನೋಡಿಕೊಳ್ಳಿ. ಜರ್ಮನಿಯ ತೊಡಕೂ ಇದೆ: ಹಲವು ಕಡೆ ಪದವಿಯಲ್ಲೇ ಇಷ್ಟು ಕ್ರೆಡಿಟ್ ಭಾಷಾವಿಜ್ಞಾನ ಓದಿರಬೇಕೆಂದು ಕೇಳುತ್ತಾರೆ. ಕನ್ನಡ ಐಚ್ಛಿಕ ಬಿಎ ಮಾಡಿದವರ ಅಂಕಪಟ್ಟಿಯಲ್ಲಿ ಅದು 'ಭಾಷಾಶಾಸ್ತ್ರ' ಎಂಬ ಒಂದೇ ಪತ್ರಿಕೆಯಾಗಿ ಅಡಗಿರುತ್ತದೆ. ಪಠ್ಯಕ್ರಮದ ಇಂಗ್ಲಿಷ್ ಅನುವಾದಕ್ಕೆ ವಿಭಾಗದ ಮುಖ್ಯಸ್ಥರ ಸಹಿ, ಮೊಹರು ಹಾಕಿಸಿ ಲಗತ್ತಿಸಿ. ಎಡಿನ್‌ಬರ್ಗ್ ಈ ವಿಷಯದಲ್ಲಿ ಉದಾರಿ, ಬುನಾದಿ ಪಾಠ ಅಲ್ಲೇ ಕೊಡುವುದರಿಂದ ಬೇರೆ ವಿಷಯದಿಂದ ಬಂದವರಿಗೂ ಜಾಗವಿದೆ.

ಹಾಗಾದರೆ ಎಡಿನ್‌ಬರ್ಗ್ ಯಾರಿಗೆ? ವಿದ್ಯಾರ್ಥಿವೇತನ ಸಿಕ್ಕವರಿಗೆ, ಕಾಲೇಜು ಕೆಲಸದಿಂದ ಒಂದೇ ವರ್ಷ ರಜೆ ಸಿಗುವ ಅಧ್ಯಾಪಕರಿಗೆ, ಭಾಷೆಯ ವಿಕಾಸವನ್ನೇ ಓದಬೇಕೆಂದಿರುವವರಿಗೆ ಕಣ್ಣುಮುಚ್ಚಿ ಹೇಳಬಹುದು. ಸಾಲ ಮಾಡಿ, 'ಈ ವಿಷಯ ನನಗೆ ಒಗ್ಗುತ್ತದಾ ನೋಡೋಣ' ಎಂದು ಹೋಗುವವರಿಗೆ ಬೇಡ. ಒಗ್ಗುತ್ತದೋ ಇಲ್ಲವೋ ನೋಡಲು ಎಂಐಟಿಯ ಓಪನ್ ಕೋರ್ಸ್‌ವೇರ್‌ನಲ್ಲಿ 24.900 ಸಂಖ್ಯೆಯ ಪ್ರವೇಶಿಕೆ ಇದೆ, ನಾರ್ವಿನ್ ರಿಚರ್ಡ್ಸ್ ಅವರ 2022ರ ಪಾಠಗಳ ವಿಡಿಯೊ ಸಮೇತ, ಪುಕ್ಕಟೆ. ಬರೀ ವಿಡಿಯೊ ನೋಡಿ ಬಿಟ್ಟರೆ ಏನೂ ಗೊತ್ತಾಗುವುದಿಲ್ಲ, ಜೊತೆಗೆ ಕೊಟ್ಟಿರುವ ಸಮಸ್ಯೆಗಳನ್ನು ಪೆನ್ನು ಹಿಡಿದು ಬಿಡಿಸಬೇಕು. ಆಮೇಲೆ ಅದೇ ಬಗೆಯ ಸಮಸ್ಯೆಯೊಂದನ್ನು ಕನ್ನಡದ ವಾಕ್ಯಗಳಿಂದ ನೀವೇ ಕಟ್ಟಿ ಎರಡು ಪುಟ ಬರೆದಿಡಿ. ಅರ್ಜಿಯ ಜೊತೆಗಿನ ಸ್ಟೇಟ್‌ಮೆಂಟ್‌ನಲ್ಲಿ 'ಬಾಲ್ಯದಿಂದಲೂ ಭಾಷೆಗಳೆಂದರೆ ಪ್ರೀತಿ' ಎಂಬ ಸಾಲಿನ ಜಾಗಕ್ಕೆ ಹಾಕಲು ಆ ಎರಡು ಪುಟದ ತಿರುಳೇ ಸಾಕು.